ಇಪ್ಪತ್ತೆರಡು ಬುಟ್ಟಿ, ನನ್ನದೊಂದು ಡಬರಿ

ಶಿಕಾರಿಪುರದ ಬಸ್ ನಿಲ್ದಾಣ

ಇಂಗ್ಲೆಂಡಿಗೆ ಹೋಗಿ ಬಂದವರು ಅಲ್ಲಿಯ ಅರಮನೆ, ಸೇತುವೆ, ಗಡಿಯಾರದ ಗೋಪುರಗಳ ಬಗ್ಗೆ ಬರೆಯುತ್ತಾರೆ. ನಾನು ಅವುಗಳಲ್ಲಿ ಒಂದನ್ನೂ ನೋಡಲಿಲ್ಲ. ಲಂಡನ್ನಿನಲ್ಲಿ ನಾನಿದ್ದದ್ದು ಒಂದು ರೈಲಿನಿಂದ ಇಳಿದು ಇನ್ನೊಂದನ್ನು ಹತ್ತುವಷ್ಟು ಹೊತ್ತು. ಅಷ್ಟು ಹೊತ್ತೂ ಟ್ರಂಕಿನ ಮೇಲೆ ಕುಳಿತು ಟ್ರಂಕನ್ನೇ ಕಾಯುತ್ತಿದ್ದೆ. ನಾನು ಹೋದದ್ದು ಮಗಳ ಬಾಣಂತನಕ್ಕೆ. ಆದ್ದರಿಂದ ಈ ಬರಹದಲ್ಲಿ ಒಂದು ಅಡಿಗೆಮನೆ, ಒಂದು ಹಿತ್ತಲು, ಒಂದು ಚರ್ಚು, ಇವುಗಳ ನಡುವೆ ಓಡಾಡಿದ ಒಂದು ಹಿತ್ತಾಳೆ ಡಬರಿ, ಇಷ್ಟೇ ಇವೆ.

ಮಗಳು ಗಿರಿಜೆಯ ಗಂಡ ಡಾಕ್ಟರು. ಹೆಚ್ಚಿನ ಓದಿಗೆಂದು ಹೋದವರು ಇಂಗ್ಲೆಂಡಿನ ಉತ್ತರಕ್ಕಿರುವ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದರು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಗಿರಿಜೆಗೆ ತವರಿಗೆ ಬರಲಾಗದು. ಹಾಗಾಗಿ ತವರೇ ಗಂಟು ಕಟ್ಟಿಕೊಂಡು ಹೊರಟಿತು.

ನನ್ನ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹೊರಡುವ ಮುಂಚೆ ಮೂರು ತಿಂಗಳು, ಕಚೇರಿಯಿಂದ ಬಂದು ಕೈಕಾಲು ತೊಳೆದ ಮೇಲೆ, ನನಗೆ ಇಂಗ್ಲಿಷು ಕಲಿಸಿದರು. ಅವರಿಗೆ ಗೊತ್ತಿದ್ದದ್ದು ಕಚೇರಿಯ ಇಂಗ್ಲಿಷು. ನಾನು ಕಲಿತದ್ದೂ ಅದೇ. ಅದರ ಫಲ ಹಡಗಿನಲ್ಲೇ ಕಾಣಿಸಿತು.

ಬಸ್ಸು ಹೊರಡುವ ತನಕ ಪಕ್ಕದಲ್ಲಿ ಈಸೂರಿನ ಹಿರಿಯರೊಬ್ಬರು ಬೀಜದ ಚೀಲ ಕಾಲ ಬುಡದಲ್ಲಿಟ್ಟುಕೊಂಡು ಕುಳಿತಿದ್ದರು.

"ಎಲ್ಲಿಗೆ ತಂಗಿ, ಇಷ್ಟು ಗಂಟು?"

"ಇಂಗ್ಲೆಂಡಿಗೆ, ಅಣ್ಣ."

ಅವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಅವರನ್ನ ಕಳಸಾಕ ನಾವು ಎಷ್ಟು ಒದ್ದಾಡೀವಿ. ನೀನು ವಾಪಸ್ ಕರಿಯಾಕ ಹೊಂಟೀಯೇನು?"

"ಇಲ್ಲ ಅಣ್ಣ, ಮಗಳ ಬಾಣಂತನಕ್ಕೆ."

ಅವರು ಮತ್ತೆ ಅಗಿಯತೊಡಗಿದರು. "ಹಂಗಾರ ಹೋಗಿ ಬಾ. ಬಾಣಂತಿ ಎಲ್ಲಿದ್ರೂ ಬಾಣಂತಿನೇ."

ಯಜಮಾನರು ಕಿಟಕಿಯ ಹತ್ತಿರ ಬಂದು ಕೊನೆಯ ಗಂಟು ಕೊಟ್ಟರು. ಅದರೊಳಗೆ ಹೊಸದಾಗಿ ಕಲಾಯಿ ಹಾಕಿಸಿದ ಡಬರಿ, ಡಬರಿಯೊಳಗೆ ಅಂಟಿನುಂಡೆ. "ನಮ್ಮವ್ವನ ಡಬರಿ ಅದು. ನೆನಪಿರ್ಲಿ, ವಾಪಸ್ ಬರಬೇಕು" ಎಂದರು. ನಾನು ವಾಪಸ್ ಬರಬೇಕೆಂದು ಬೇರೆಯಾಗಿ ಹೇಳಲಿಲ್ಲ. ಅದರಲ್ಲೇ ಸೇರಿದೆಯೆಂದು ತಿಳಿದುಕೊಂಡೆ.

ಹಡಗು

ಮುಂಬಯಿಯಿಂದ ಸುಮಾರು ಮೂರು ವಾರ ನೀರು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಬೆಳಿಗ್ಗೆ ಎದ್ದು ನನ್ನ ಹಾಸಿಗೆಯನ್ನು ನಾನೇ ಮಡಿಸಿಡುತ್ತಿದ್ದೆ. ಹಡಗಿನ ಆಳು ಬಂದು ಅದನ್ನು ಬಿಚ್ಚಿ ಮತ್ತೆ ತನ್ನ ರೀತಿಯಲ್ಲಿ ಮಡಿಸುತ್ತಿದ್ದ. ಏಡನ್ ತಲುಪುವವರೆಗೆ ಇಬ್ಬರೂ ಸೋಲಲಿಲ್ಲ. ಒಂದು ದಿನ ಬಿಸಿನೀರು ಬೇಕಾಗಿ, ಯಜಮಾನರು ಕಲಿಸಿದಂತೆ, "ಐ ಬೆಗ್ ಟು ಸ್ಟೇಟ್ ದಟ್ ಹಾಟ್ ವಾಟರ್ ಈಸ್ ನಾಟ್ ರಿಸೀವ್ಡ್. ಕೈಂಡ್ಲಿ ಡೂ ದಿ ನೀಡ್‌ಫುಲ್" ಎಂದೆ. ಆತ ನೆಟ್ಟಗೆ ನಿಂತು ಕೇಳಿದ. ಅಂದಿನಿಂದ ಬಿಸಿನೀರು ದಿನಕ್ಕೆರಡು ಬಾರಿ ಬಂತು. ಕಚೇರಿಯ ಭಾಷೆಗೆ ಸಮುದ್ರದ ಮೇಲೂ ಬೆಲೆಯಿದೆ ಎಂದು ಯಜಮಾನರಿಗೆ ಕಾಗದ ಬರೆದೆ.

ಮಿಸೆಸ್ ಡಾಸನ್‌ರ ಪಟ್ಟಿಗಳು

ಗಿರಿಜೆಯ ಸಂಸಾರ ಮಿಸೆಸ್ ಡಾಸನ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ. ಅರವತ್ತು ದಾಟಿದ ಹೆಂಗಸು, ಕಂಬದ ಹಾಗೆ ನೆಟ್ಟಗೆ ನಡೆಯುವವರು. ಇಲ್ಲಿ ಒಂದು ಮಾತು. ಅಲ್ಲಿಯವರು ಆಡಿದ್ದನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಮಿಸೆಸ್ ಡಾಸನ್‌ರದು ಕತ್ತರಿಸಿದಂಥ ಗಡಸು ಮಾತು, ನನ್ನ ಗಂಡನ ಮನೆ ಶಿಕಾರಿಪುರದ ಹಾಗೆ. ಪಕ್ಕದ ಮನೆಯ ಮಿಸ್ಟರ್ ಡೆಂಟ್ ಮಾತು ನಿಧಾನ, ನನ್ನ ತವರು ಸೊರಬದ ಕಡೆಯ ಹಾಗೆ. ನನ್ನ ಕಿವಿಗೆ ಕೇಳಿಸಿದ್ದು ಹಾಗೇ.

ಮಿಸೆಸ್ ಡಾಸನ್‌ರ ಅಡಿಗೆಮನೆಯ ಗೋಡೆಗೆ ದೇವರ ಪಟ ಇರಲಿಲ್ಲ. ಪಟ್ಟಿಗಳಿದ್ದವು. ಅವರು ಹೋಗುವ ಚರ್ಚಿನ ಹೆಂಗಸರು ಊರಿನಲ್ಲಿ ಯಾರಿಗೆ ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿ. ಕಾಲು ಮುರಿದ ಮುದುಕಿಗೆ ಸೋಮವಾರ ಕಲ್ಲಿದ್ದಲು ಒಳಗೆ ತಂದಿಡುವವರು ಯಾರು, ಕಣ್ಣು ಕಾಣದವರಿಗೆ ಬುಧವಾರ ಪತ್ರಿಕೆ ಓದಿ ಹೇಳುವವರು ಯಾರು, ಆಸ್ಪತ್ರೆಯಲ್ಲಿದ್ದವರ ಬೆಕ್ಕಿಗೆ ಹಾಲಿಡುವವರು ಯಾರು. ಚರ್ಚು ಎಂದರೆ ಭಾನುವಾರದ ಹಾಡು ಎಂದುಕೊಂಡಿದ್ದೆ. ಉಳಿದ ಆರು ದಿನದ ಕೆಲಸವೇ ಹೆಚ್ಚು. ಆ ಪಟ್ಟಿಗಳನ್ನು ನೋಡಿದಾಗ ನನಗೆ ತಾಲ್ಲೂಕು ಕಚೇರಿಯ ಪಹಣಿ ನೆನಪಾಯಿತು. ಯಾವ ಸರ್ವೆ ನಂಬರು ಯಾರದು, ಅದರಲ್ಲಿ ಯಾವ ಬೆಳೆ ಎಂದು ನಮ್ಮವರು ಬರೆದಿಡುವಂತೆ, ಯಾವ ಮನೆಯಲ್ಲಿ ಯಾವ ಕಷ್ಟ ಎಂದು ಇವರು ಬರೆದಿಟ್ಟಿದ್ದರು.

ಗಿರಿಜೆ ಆಸ್ಪತ್ರೆಯಿಂದ ಗಂಡುಮಗುವಿನೊಂದಿಗೆ ಬಂದ ದಿನ ಅವಳ ಹೆಸರೂ ಪಟ್ಟಿಗೆ ಸೇರಿತು. ದಿನಕ್ಕೊಂದು ಮನೆಯವರು ಅವಳಿಗೆ ಊಟ ತರುವುದೆಂದು ಗೊತ್ತಾಯಿತು. ಮೊದಲನೆಯ ದಿನ ಬಂದದ್ದು ಕೆಂಪಗೆ, ತಣ್ಣಗೆ, ತಟ್ಟೆಯ ಮೇಲೆ ನಡುಗುತ್ತಿದ್ದ ಒಂದು ಪದಾರ್ಥ. ತಂದ ಹೆಂಗಸು ಮೆಟ್ಟಿಲು ಹತ್ತುವಾಗ ಅದು ಅವರಿಗಿಂತ ಮುಂಚೆ ತಲೆಯಾಡಿಸಿ ನಮಸ್ಕಾರ ಹೇಳಿತು. ಬಾಣಂತಿಗೆ ಮೆಣಸಿನ ಸಾರು ಬಿಟ್ಟು ಬೇರೆ ಕೊಡಬಾರದೆಂದು ಸಮುದ್ರ ದಾಟಿ ಬಂದವಳು ನಾನು. ಅವರಿಗೆ ಕೈಮುಗಿದು, ತಟ್ಟೆ ತೆಗೆದುಕೊಂಡು, ಅದನ್ನು ಅಳಿಯಂದಿರಿಗೆ ಬಡಿಸಿದೆ.

"ಜೆಲ್ಲಿ ಚೆನ್ನಾಗಿದೆ ಅತ್ತೆ" ಎಂದರು ಅವರು. ಡಾಕ್ಟರಾದವರು ಏನನ್ನಾದರೂ ತಿನ್ನುತ್ತಾರೆ.

ನಾವು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲವೆಂದು ಅಳಿಯಂದಿರು ಹೇಳಿದ ಮೇಲೆ ಮಿಸೆಸ್ ಡಾಸನ್ ಅದನ್ನು ಪಟ್ಟಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದರು. ಇಷ್ಟೆಲ್ಲ ಬಿಟ್ಟರೆ ಉಳಿಯುವುದೇನು ಎಂದು ಆ ಹೆಂಗಸರು ಒಬ್ಬೊಬ್ಬರೇ ತಮ್ಮ ತಮ್ಮ ಮನೆಯಲ್ಲಿ ಯೋಚಿಸಿರಬೇಕು. ಎಲ್ಲರಿಗೂ ಹೊಳೆದದ್ದು ಒಂದೇ. ಹನ್ನೊಂದು ದಿನ ಆಲೂಗಡ್ಡೆ ಬಂತು.

ನನ್ನ ಕಷ್ಟ ತಟ್ಟೆಗಳದು. ಬಂದ ಪಾತ್ರೆಯನ್ನು ಖಾಲಿ ಕಳಿಸುವುದು ನನ್ನ ಕೈಯಿಂದಾಗದು. ನನ್ನ ತವರು ಸೊರಬದ ಹತ್ತಿರದ ಉಳವಿ. ಅಲ್ಲಿ ಪಕ್ಕದ ಮನೆಯವರು ಒಂದು ಬಟ್ಟಲು ಮಜ್ಜಿಗೆ ಕಳಿಸಿದರೆ ಅವ್ವ ಬಟ್ಟಲಿಗೆ ಏನೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಿನಕಾಯಿಯನ್ನಾದರೂ ಹಾಕಿ ಕೊಡುತ್ತಿದ್ದಳು. ಹಾಗೆಯೇ ನಾನೂ ಒಬ್ಬೊಬ್ಬರ ತಟ್ಟೆಯಲ್ಲಿ ಒಂದೊಂದು ಅಂಟಿನುಂಡೆ ಇಟ್ಟು ಕಳಿಸಿದೆ. ಅವರು ಗಾಬರಿಯಾದರು. ಉಪಕಾರಕ್ಕೆ ಪ್ರತಿಯಾಗಿ ಉಂಡೆ ಬಂತು, ಉಂಡೆಗೆ ಪ್ರತಿಯಾಗಿ ಅವರು ಬಿಸ್ಕತ್ತು ತಂದರು, ಆ ತಟ್ಟೆಗೆ ನಾನು ಚಟ್ನಿಪುಡಿ ಹಾಕಿದೆ.

"ಇದು ಎಲ್ಲಿಗೆ ನಿಲ್ತತಿ, ಮಿಸೆಸ್ ಗೌರಮ್ಮ?" ಎಂದು ಒಂದು ದಿನ ಮಿಸೆಸ್ ಡಾಸನ್ ಕೇಳಿದರು.

"ಯಾಕೆ ನಿಲ್ಲಬೇಕು?" ಎಂದೆ. ನನಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಗೋಡೆಯಾಚೆ

ಅಲ್ಲಿ ಮನೆಗಳು ಪಕ್ಕಕ್ಕೆ ಪಕ್ಕ ಅಂಟಿಕೊಂಡಿರುತ್ತವೆ. ನಮ್ಮ ಅಡಿಗೆಮನೆಯ ಗೋಡೆಯಾಚೆ ಮಿಸ್ಟರ್ ಡೆಂಟ್ ಒಬ್ಬರೇ ಇದ್ದರು. ರೈಲ್ವೆಯಲ್ಲಿ ಸಿಗ್ನಲ್ಲಿನ ಕೈಕಂಬ ಎಳೆಯುವ ಕೆಲಸ ಮಾಡಿ ನಿವೃತ್ತರಾದವರು, ಎಪ್ಪತ್ತರ ಮೇಲಾದ ವಯಸ್ಸು. ಬೆಳಿಗ್ಗೆ ಕೆಟಲು ಕೂಗುವುದು ಕೇಳಿಸುತ್ತಿತ್ತು, ಮಧ್ಯಾಹ್ನ ಕೆಟಲು, ಸಂಜೆ ಕೆಟಲು. ಬೇರೆ ಸದ್ದಿಲ್ಲ. ಒಗ್ಗರಣೆಯ ಮಾತು ಬಿಡಿ, ಏನೊಂದೂ ಬೇಯುವ ವಾಸನೆ ಆ ಮನೆಯಿಂದ ಬರುತ್ತಿರಲಿಲ್ಲ. ಕೆಮ್ಮು ಮಾತ್ರ ಬರುತ್ತಿತ್ತು. ಅಂಗಿಯ ಕಾಲರಿನೊಳಗೆ ಅವರ ಕುತ್ತಿಗೆ ಬಾವಿಯೊಳಗಿನ ಹಗ್ಗದ ಹಾಗೆ ಕಾಣುತ್ತಿತ್ತು. ಆದರೆ ಹಿತ್ತಲಲ್ಲಿ ಅವರು ಬೆಳೆದ ತರಕಾರಿ ನೋಡಬೇಕು. ಎಲೆಕೋಸು ಒಂದೊಂದೂ ಮಗುವಿನ ತೊಟ್ಟಿಲು ತುಂಬುವಷ್ಟು. ಲೀಕ್ ಎಂಬುದೊಂದಿದೆ, ಈರುಳ್ಳಿಯ ಎತ್ತರದ ದಾಯಾದಿ, ಅದು ಸಾಲಾಗಿ ಪೊಲೀಸರಂತೆ ನಿಂತಿತ್ತು. ಕೋಸು ಬಲಿತು ಒಡೆಯುತ್ತಿತ್ತು. ಅವರು ಕೊಯ್ಯುತ್ತಿರಲಿಲ್ಲ.

"ಇಷ್ಟು ಬೆಳೆದು ಈ ಮನುಷ್ಯ ಚಹಾ ಬ್ರೆಡ್ಡಿನ ಮೇಲೆ ಇದಾರಲ್ಲ, ಚಳಿಗಾಲ ಬೇರೆ ಬಂತು. ನಿಮ್ಮ ಪಟ್ಟಿಯಲ್ಲಿ ಇವರಿಲ್ವಾ?" ಎಂದು ಮಿಸೆಸ್ ಡಾಸನ್‌ರನ್ನು ಕೇಳಿದೆ.

ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ನನ್ನ ಪಟ್ಟಿಯಾಗ ಮೊದಲನೇ ಹೆಸರೇ ಅವರದು. ಸುಗ್ಗಿ ಹಬ್ಬದ ಮರುದಿನ ಒಂಟಿ ಮುದುಕರಿಗೆಲ್ಲ ಬುಟ್ಟಿ ಕೊಡ್ತೀವಿ, ಇಪ್ಪತ್ತೆರಡು ಮನೆಗೆ. ಮೂರು ವರ್ಷ ಅವರ ಬಾಗಿಲಿಗೆ ಇಟ್ಟೀನಿ. ಮೂರು ವರ್ಷವೂ ಮರುದಿನ ಬೆಳಿಗ್ಗೆ ಬುಟ್ಟಿ ನನ್ನ ಬಾಗಿಲಾಗ. ಒಂದು ಸೇಬೂ ಕಡಿಮೆ ಇಲ್ಲ. ಊಟ ಕಳಿಸಿದ್ರೆ ಬಾಗಿಲೇ ತೆಗಿಯಂಗಿಲ್ಲ."

"ಯಾಕೆ?"

"ಹಟ" ಎಂದರು. ಆಮೇಲೆ ಸ್ವಲ್ಪ ಮೆತ್ತಗಾದರು. "ಮೊದಲು ಅವರೇ ತರ್ತಿದ್ರು, ಚರ್ಚಿಗೆ ಎಲ್ಲರಿಗಿಂತ ದೊಡ್ಡ ಕೋಸು. ಮೂವತ್ತು ವರ್ಷ. ಹೆಂಡತಿ ತೀರಿಕೊಂಡ ಮೂರನೇ ದಿನ ನಾನೇ ಅವರ ಹೆಸರು ಪಟ್ಟಿಗೆ ಬರೆದೆ. ಪಾಪ, ಒಬ್ಬರೇ ಆದ್ರಲ್ಲ ಅಂತ."

ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹೆಸರು ಬದಲಾಯಿಸಬೇಕಾದರೆ ನಮ್ಮ ಕಚೇರಿಯಲ್ಲೂ ನೋಟೀಸು ಕೊಟ್ಟು ತಕರಾರಿದೆಯೇ ಎಂದು ಕೇಳುತ್ತಾರೆ. ಈ ಮನುಷ್ಯ ಮೂರೇ ದಿನದಲ್ಲಿ, ಕೇಳದೆ, ಕೊಡುವವರಿಂದ ತೆಗೆದುಕೊಳ್ಳುವವರ ಕಡೆಗೆ ಹೋಗಿಬಿಟ್ಟಿದ್ದರು. ಮೂವತ್ತು ವರ್ಷದ ಕೋಸೆಲ್ಲ ಮಣ್ಣುಪಾಲು.

ಸುಗ್ಗಿ ಭಾನುವಾರ

ಮಿಸೆಸ್ ಡಾಸನ್ ಸುಗ್ಗಿ ಹಬ್ಬಕ್ಕೆ ನನ್ನನ್ನು ಚರ್ಚಿಗೆ ಕರೆದರು. ಹೋಗಬಹುದೇ ಎಂದು ಅಳಿಯಂದಿರನ್ನು ಕೇಳಿದೆ. "ದೇವರ ಮನೆಗೆ ಹೋಗೋಕೆ ನನ್ನ ಚೀಟಿ ಯಾಕೆ ಅತ್ತೆ" ಎಂದರು. ವಿಭೂತಿ ಹಚ್ಚಿಕೊಂಡು, ಸೀರೆಯ ಮೇಲೆ ಮಿಸೆಸ್ ಡಾಸನ್‌ರ ಗಂಡನ ಕೋಟು ಹಾಕಿಕೊಂಡು ಹೋದೆ. ಬಾಗಿಲಲ್ಲಿ ಬೂಟು ಬಿಚ್ಚಿಟ್ಟೆ. ಬೇರೆ ಯಾರೂ ಬಿಚ್ಚಿರಲಿಲ್ಲ. ನೆಲ ಮಂಜುಗಡ್ಡೆಯಂತಿತ್ತು. ಆದರೂ ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಿಕೊಂಡರೆ ದೇವರೇನು ತಿಳಿದುಕೊಂಡಾನು?

ದೇವರ ಮುಂದೆ ಉದ್ದನೆಯ ಮೇಜು. ಅದರ ತುಂಬ ಊರವರು ತಂದಿಟ್ಟ ಸೇಬು, ಗಜ್ಜರಿ, ಈರುಳ್ಳಿ, ಕೋಸು, ನಮ್ಮ ಬೂದುಗುಂಬಳದ ತಮ್ಮನಂಥ ಉದ್ದ ಹಸಿರು ಕಾಯಿಗಳು. ನಡುವೆ ಗೋಧಿಯ ಕಂತೆಯ ಆಕಾರದಲ್ಲಿ ಸುಟ್ಟ ಒಂದು ದೊಡ್ಡ ಬ್ರೆಡ್ಡು. ಕಂತೆಯ ಬುಡದಲ್ಲಿ ಹಿಟ್ಟಿನದೇ ಒಂದು ಪುಟ್ಟ ಇಲಿ. ಗಣಪತಿ ಬಾರದಿದ್ದರೂ ವಾಹನ ಬಂದಿದೆ ಎಂದು ಸಂತೋಷವಾಯಿತು. ಹಾಡು ಮುಗಿಯಿತು, ಪಾದ್ರಿಗಳ ಮಾತು ಮುಗಿಯಿತು. ಮಿಸೆಸ್ ಡಾಸನ್ ಎದ್ದು ನನ್ನ ಕಿವಿಯಲ್ಲಿ, "ಇದೆಲ್ಲ ಹಂಚೋದು, ಮಿಸೆಸ್ ಗೌರಮ್ಮ. ನಾನು ಹಾಲ್‌ನಾಗ ಚಹಾ ನೋಡಿ ಬರ್ತೀನಿ. ಮೇಜಿನ ಹತ್ರ ನೀವು ನಿಂತಿರ್ರಿ" ಎಂದು ಹೋದರು.

ಬುಟ್ಟಿಗಳ ವಿಷಯ ನನಗೆ ಗೊತ್ತಿತ್ತು. ಆದರೆ ಅವುಗಳಿಗೆ ತುಂಬುವುದು ಈ ಮೇಜಿನಿಂದಲೇ ಎಂದು ನನಗೆ ಹೊಳೆಯಲಿಲ್ಲ. ನಮ್ಮ ಮಠದಲ್ಲಿ ಕೊಡುವ ದವಸ ಉಗ್ರಾಣದಿಂದ ಬರುತ್ತದೆ. ದೇವರ ಮುಂದಿಟ್ಟದ್ದು ಪ್ರಸಾದ. ಅದು ಅಲ್ಲಿ ಬಂದವರಿಗೆ, ಸಾಹುಕಾರರಿಗೂ ಕೂಲಿಯವರಿಗೂ ಒಂದೇ. ಪ್ರಸಾದವಿಲ್ಲದೆ ಯಾರನ್ನಾದರೂ ಹೊರಗೆ ಬಿಟ್ಟರೆ ಕೊಡಲು ನಿಂತವರಿಗೆ ಪಾಪ. ಜನ ಎದ್ದು ಬಾಗಿಲ ಕಡೆ ಹೊರಟಾಗ ನನಗೆ ದಿಗಿಲಾಯಿತು. ಮಿಸೆಸ್ ಡಾಸನ್ ಇನ್ನೂ ಬರಲಿಲ್ಲ, ಇವರೆಲ್ಲ ಬರಿಗೈಯಲ್ಲಿ ಹೋಗುತ್ತಿದ್ದಾರೆ.

ಹತ್ತಿರ ಬಂದ ಮೊದಲನೆಯ ಹೆಂಗಸಿನ ಕೈಗೆ ಎರಡು ಕೈಯಿಂದ ಒಂದು ಕೋಸು ಕೊಟ್ಟೆ.

ಆಕೆ ಕೋಸನ್ನು ನೋಡಿದರು, ನನ್ನನ್ನು ನೋಡಿದರು, "ಥ್ಯಾಂಕ್ಯೂ" ಎಂದರು. ಆ ದೇಶದಲ್ಲಿ ಕೊಟ್ಟದ್ದನ್ನು ಯಾಕೆ ಎಂದು ಕೇಳುವುದು ಅಸಭ್ಯ. ಆಕೆಯ ಹಿಂದೆ ಇದ್ದವರು ನಿಂತರು. ಅವರ ಹಿಂದೆ ಇನ್ನೊಬ್ಬರು. ಇಬ್ಬರು ಒಬ್ಬರ ಹಿಂದೊಬ್ಬರು ನಿಂತರೆ ಮೂರನೆಯವರು ಯಾತಕ್ಕೆಂದು ಕೇಳದೆ ಸೇರಿಕೊಳ್ಳುವುದು ಅಲ್ಲಿಯ ಪದ್ಧತಿ. ನೋಡನೋಡುತ್ತ ಸಾಲು ಬಾಗಿಲವರೆಗೆ ಬೆಳೆಯಿತು. ಹೊರಗೆ ಹೋಗಿದ್ದವರೂ ಸಾಲು ಕಂಡು ವಾಪಸ್ ಬಂದರು. ಒಂದು ತಳ್ಳಾಟವಿಲ್ಲ, ಒಂದು ಕೂಗಿಲ್ಲ. ಇಂಥ ಭಕ್ತರನ್ನು ನಮ್ಮ ಮಠದವರು ಕಂಡಿಲ್ಲ. ಬ್ಯಾಂಕಿನ ಮ್ಯಾನೇಜರು ಎಂದು ಆಮೇಲೆ ತಿಳಿದ ದಪ್ಪನೆಯ ಒಬ್ಬರು ಟೋಪಿ ಕಂಕುಳಲ್ಲಿಟ್ಟು ಎರಡೂ ಕೈಯೊಡ್ಡಿ ಒಂದು ಈರುಳ್ಳಿ ತೆಗೆದುಕೊಂಡರು. ಕೊನೆಗೆ ಹಣ್ಣು ಸಾಲದೆಂದು ಗೊತ್ತಾಗಿ ಬ್ರೆಡ್ಡಿನ ಕಂತೆಯನ್ನು ಮುರಿಯತೊಡಗಿದೆ. ನೋಟಕ್ಕೆಂದು ಮಾಡಿದ ಬ್ರೆಡ್ಡು, ಕಲ್ಲಿನಂತಿತ್ತು. ಮೇಜಿನ ಅಂಚಿಗೆ ಬಡಿದು ಮುರಿದೆ. ಜನ ಅದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತುಂಬ ಹೊತ್ತು ಅಗಿದರು. ಸಾಲಿನ ಕೊನೆಯಲ್ಲಿ ಪಾದ್ರಿಗಳೇ ಇದ್ದರು. ಅವರಿಗೆಂದು ಅತಿ ದೊಡ್ಡ ಹಸಿರು ಕಾಯಿ ಎತ್ತಿಟ್ಟಿದ್ದೆ. ಅದನ್ನು ಮಗುವಿನಂತೆ ತೋಳಿನ ಮೇಲೆ ಮಲಗಿಸಿಕೊಂಡು ಹೋದರು. ನನ್ನ ಪಾಲಿಗೆ ಇಲಿ ಉಳಿಯಿತು.

ಮೇಜು ಒರೆಸುತ್ತಿದ್ದಾಗ ಮಿಸೆಸ್ ಡಾಸನ್ ಬಂದರು. ಅವರ ಹಿಂದೆ ಇಬ್ಬರು ಗಂಡಸರು. ಮೂವರ ಕೈಯಲ್ಲೂ ಒಂದರೊಳಗೊಂದು ಜೋಡಿಸಿದ ಖಾಲಿ ಬುಟ್ಟಿಗಳು.

"ಓ" ಎಂದರು ಮಿಸೆಸ್ ಡಾಸನ್.

ಅಷ್ಟೇ. ಆದರೆ ಬುಟ್ಟಿಗಳನ್ನು ಕಂಡೊಡನೆ ನನಗೆ ಎಲ್ಲವೂ ತಿಳಿಯಿತು. ಪಾದ್ರಿಗಳು ಕಾಯಿಯನ್ನು ಎತ್ತಿಕೊಂಡೇ ಓಡಿ ಬಂದರು. "ಇದು ನಿಮ್ಮ ಯೋಚನೆ ಅಂದುಕೊಂಡೆ, ಮಿಸೆಸ್ ಡಾಸನ್."

"ನಾನು ಚಹಾ ಕಾಸ್ತಿದ್ದೆ" ಎಂದರು ಮಿಸೆಸ್ ಡಾಸನ್.

ನನಗೆ ಗೊತ್ತಿದ್ದ ಅತಿ ದೊಡ್ಡ ಕ್ಷಮೆಯನ್ನು ಕೇಳಿದೆ. "ಐ ಡೀಪ್ಲಿ ರಿಗ್ರೆಟ್ ದಿ ಇನ್‌ಕನ್ವೀನಿಯೆನ್ಸ್ ಕಾಸ್ಡ್." ಇಬ್ಬರೂ ನೆಟ್ಟಗೆ ನಿಂತು ಕೇಳಿದರು. ಕಚೇರಿಯ ಭಾಷೆಗೆ ಬೆಲೆಯಿತ್ತು, ಆದರೆ ಇಪ್ಪತ್ತೆರಡು ಬುಟ್ಟಿ ಅದರಿಂದ ತುಂಬಲಿಲ್ಲ. ಕೊಟ್ಟ ಪ್ರಸಾದವನ್ನು ವಾಪಸ್ ಕೇಳಲು ನನ್ನಿಂದಾಗದು, ಕೊಟ್ಟ ವಸ್ತುವನ್ನು ವಾಪಸ್ ಕೇಳಲು ಅವರಿಂದಾಗದು. ಹೋಗೋಣವೆಂದರೆ ಬಾಗಿಲಲ್ಲಿ ನನ್ನ ಬೂಟು ಇರಲಿಲ್ಲ. ಯಾರೋ ಪುಣ್ಯಾತ್ಮರು ಅವನ್ನು ಬಡವರಿಗೆ ಕೊಡುವ ಹಳೆಯ ಬಟ್ಟೆಯ ಪೆಟ್ಟಿಗೆಗೆ ಹಾಕಿದ್ದರು. ಅಂದು ಆ ಚರ್ಚಿನಲ್ಲಿ ತಪ್ಪು ದಾನ ಮಾಡಿದವಳು ನಾನೊಬ್ಬಳೇ ಅಲ್ಲ ಎಂದು ಅಷ್ಟು ಸಮಾಧಾನ.

ಅದೇ ಮಧ್ಯಾಹ್ನ

ಗಿರಿಜೆಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡಳು. "ಅವ್ವ, ಸುಮ್ನಿರು. ಹೊಲಿಗೆ ಬಿಚ್ಚುತ್ತೆ. ಮ್ಯಾನೇಜರಿಗೆ ಈರುಳ್ಳಿನಾ?"

ನನಗೆ ನಗು ಬರಲಿಲ್ಲ. ಇಪ್ಪತ್ತೆರಡು ಮುದುಕರು ನಾಳೆ ಬಾಗಿಲ ಕಡೆ ನೋಡುತ್ತ ಕೂರುತ್ತಾರೆ. ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದ ಹಿಟ್ಟಿನ ಇಲಿಯನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದೆ. ಆಗ ಗೋಡೆಯಾಚೆ ಕೆಟಲು ಕೂಗಿತು. ಅಷ್ಟೊಂದು ಜನಕ್ಕೆ ಕೊಟ್ಟೆ, ಗೋಡೆಯಾಚೆಯವರಿಗೆ ಮುಟ್ಟಲಿಲ್ಲ ಎನ್ನಿಸಿತು. ಇಲಿಯನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಂದ ಹೋದೆ.

ಮಿಸ್ಟರ್ ಡೆಂಟ್ ಬಾಗಿಲನ್ನು ಒಂದು ಗೇಣು ತೆರೆದರು. "ಎಂಥದ್ದು ಅದು?"

"ದೇವರ ಮುಂದೆ ಇಟ್ಟದ್ದು. ಎಲ್ಲರಿಗೂ ಕೊಟ್ಟೆ. ನಿಮಗೆ ಮುಟ್ಟಿರಲಿಲ್ಲ."

"ಪಟ್ಟಿಯವರಿಗಾ?"

"ಪಟ್ಟಿ ಇಲ್ಲ. ಪಾದ್ರಿಗಳಿಗೆ ಕಾಯಿ, ಬ್ಯಾಂಕ್ ಮ್ಯಾನೇಜರಿಗೆ ಒಂದು ಈರುಳ್ಳಿ."

ಬಾಗಿಲು ಇನ್ನೊಂದು ಗೇಣು ತೆರೆಯಿತು. "ಮ್ಯಾನೇಜರು ಈರುಳ್ಳಿಗೆ ಸಾಲಲ್ಲಿ ನಿಂತರಾ?"

"ನಿಂತರು. ಟೋಪಿ ತೆಗೆದು, ಎರಡೂ ಕೈ ಒಡ್ಡಿ."

ಅವರೊಳಗಿನಿಂದ ಒಂದು ಸದ್ದು ಬಂತು. ಬಹಳ ದಿನ ನೀರು ಸೇದದ ಬಾವಿಯ ರಾಟೆ ತಿರುಗಿದ ಹಾಗೆ. ಕೆಮ್ಮು ಎಂದುಕೊಂಡೆ. ನಗು ಅದು. ಕೈಚಾಚಿ ಇಲಿಯನ್ನು ತೆಗೆದುಕೊಂಡರು. ಬೆರಳಿನಿಂದ ಅದರ ಕಿವಿ ಮುಟ್ಟಿದರು.

"ನನ್ನ ಹೆಂಡತಿ ಚರ್ಚಿಗೆ ಬರ್ತಿದ್ದದ್ದೇ ಈ ಇಲಿ ನೋಡೋಕೆ" ಎಂದರು. ಆಮೇಲೆ ಕೇಳಿದರು, "ಮತ್ತೆ ಡಾಸನ್ನಮ್ಮನ ಬುಟ್ಟಿ?"

"ಇಪ್ಪತ್ತೆರಡೂ ಖಾಲಿ."

"ಇಪ್ಪತ್ತೊಂದು ಅನ್ನಿ. ನನ್ನದು ಬೇಕಾಗಿಲ್ಲ."

ಅವರ ಬೆನ್ನ ಹಿಂದೆ ಅಡಿಗೆಮನೆ ಕಾಣುತ್ತಿತ್ತು. ಒಂದು ಕುರ್ಚಿ, ಒಂದು ತಟ್ಟೆ. ನನ್ನ ಬೆನ್ನ ಹಿಂದೆ ಆ ಕೋಸುಗಳು. ಯಜಮಾನರು ಕಲಿಸಿದ್ದೆಲ್ಲ ಆಗ ಮರೆತುಹೋಯಿತು, ಬಂದದ್ದು ಮೂರೇ ಮಾತು. "ತಪ್ಪು ನನ್ನದು. ಕೈಯಲ್ಲಿ ಏನೂ ಇಲ್ಲ. ನೀವು ಕೊಡ್ತೀರಾ?"

ಅವರು ನನ್ನ ಮುಖ ನೋಡಿದರು. ಆಮೇಲೆ ಬಾಗಿಲು ಹಾಕಿಕೊಂಡರು. ಮೂರು ವರ್ಷ ಬುಟ್ಟಿ ಇಟ್ಟವರ ಗುಂಪಿಗೆ ನಾನೂ ಸೇರಿದೆನೆಂದು ತಿಳಿದು ವಾಪಸ್ ಬಂದೆ.

ಸೋಮವಾರ

ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಬಾಗಿಲು ತೆಗೆದ ಮಿಸೆಸ್ ಡಾಸನ್ ಅಲ್ಲೇ ನಿಂತುಬಿಟ್ಟರು. ನಾನು ಮೆಟ್ಟಿಲಿಳಿದು ಹೋಗಿ ನೋಡಿದೆ. ಮೂರು ವರ್ಷ ಬುಟ್ಟಿ ವಾಪಸ್ ಬಂದು ಕೂರುತ್ತಿದ್ದ ಜಾಗದಲ್ಲಿ ಕೋಸಿನ ರಾಶಿ. ಪಕ್ಕದಲ್ಲಿ ಕಟ್ಟು ಕಟ್ಟಿದ ಲೀಕು, ಮೂಟೆ ಆಲೂಗಡ್ಡೆ, ಎಲ್ಲಕ್ಕೂ ಹಸಿ ಮಣ್ಣು. ರಾಶಿಯ ಆಚೆ ಕೈಗಾಡಿ ಹಿಡಿದು ಮಿಸ್ಟರ್ ಡೆಂಟ್.

"ಇಪ್ಪತ್ತೊಂದು ಕೋಸಿದೆ. ಎಣಿಸಿಕೊಳ್ಳಿ" ಎಂದರು.

"ಎಣಿಸೋದು ಬ್ಯಾಡ್ರಿ" ಎಂದರು ಮಿಸೆಸ್ ಡಾಸನ್. ಮೂಗು ಒರೆಸಿಕೊಂಡರು. ಚಳಿಯೂ ಇತ್ತು. ಒಳಗೆ ಹೋಗಿ ಪಟ್ಟಿ ತಂದು, ಅವರ ಎದುರಿಗೇ ಮೊದಲನೆಯ ಹೆಸರನ್ನು ಪೆನ್ಸಿಲಿನಿಂದ ಹೊಡೆದು ಹಾಕಿದರು. ಅದೇ ಪಟ್ಟಿಯ ತಲೆಯಲ್ಲಿ, ತಮ್ಮ ಹೆಸರಿನ ಪಕ್ಕ, ಬುಟ್ಟಿ ಮುಟ್ಟಿಸುವವರು ಎಂದಿದ್ದಲ್ಲಿ ಡೆಂಟ್ ಎಂದು ಬರೆದರು. ಮಿಸ್ಟರ್ ಡೆಂಟ್ ಕನ್ನಡಕ ಹಾಕಿಕೊಂಡು ಅದನ್ನು ಓದಿದರು. "ನನ್ನ ಹೆಸರಲ್ಲಿ ಟಿ ಸರಿಯಾಗಿ ಬಿದ್ದಿಲ್ಲ" ಎಂದು, ಗಾಡಿಗೆ ಬುಟ್ಟಿ ಏರಿಸತೊಡಗಿದರು.

ಮಧ್ಯಾಹ್ನದವರೆಗೆ ಇಬ್ಬರೂ ಊರು ಸುತ್ತಿದರು. ಅಷ್ಟರಲ್ಲಿ ಭಾನುವಾರದ ಸುದ್ದಿ ಹರಡಿ, ಪ್ರಸಾದ ಒಯ್ದವರು ಒಬ್ಬೊಬ್ಬರೇ ನಮ್ಮ ಬಾಗಿಲಿಗೆ ಬಂದರು. ಕೆಲವರು ಸೇಬನ್ನು ಹಾಗೇ ತಂದರು, ಕೆಲವರು ಬೇಯಿಸಿ ಕಡುಬು ಮಾಡಿ ತಂದರು. ಬ್ಯಾಂಕ್ ಮ್ಯಾನೇಜರು ಒಂದು ಈರುಳ್ಳಿ ತಂದು, ಅದೇ ಈರುಳ್ಳಿಯೆಂದು ಹೇಳಿ ಹೋದರು. ಪಾದ್ರಿಗಳ ಕಾಯಿ ಮಾತ್ರ ಬರಲಿಲ್ಲ. ಅವರ ಹೆಂಡತಿ ಆಗಲೇ ಅದನ್ನು ಉಪ್ಪಿನಕಾಯಿ ಹಾಕಿದ್ದರು.

ಗಾಡಿ ವಾಪಸ್ ಬಂದಾಗ ಮಿಸ್ಟರ್ ಡೆಂಟ್ ತಲೆಯಿಂದ ಹೊಗೆ ಏಳುತ್ತಿತ್ತು, ಅಷ್ಟು ಬೆವರು. ಆದರೆ ಅವರ ಒಲೆಯ ಮೇಲೆ ಇದ್ದದ್ದು ಅದೇ ಕೆಟಲು. ನಾನು, ಒಡೆದಿದೆಯೆಂದು ಅವರು ಗಾಡಿಯಲ್ಲೇ ಬಿಟ್ಟಿದ್ದ ಒಂದು ಕೋಸಿಗೆ ಬೇಳೆ ಹಾಕಿ ಹುಳಿ ಮಾಡಿ, ಖಾರ ಕಡಿಮೆ ಮಾಡಿ, ಅನ್ನಕ್ಕೆ ಕಲಸಿ, ನಮ್ಮತ್ತೆಯ ಡಬರಿಗೆ ತುಂಬಿ ಎರಡು ಹಿತ್ತಲಿನ ನಡುವಿನ ಗೋಡೆಯ ಮೇಲಿಟ್ಟೆ.

ಅವರ ಮುಖ ಗಂಟಾಯಿತು. "ಇದು ಚರ್ಚಿಂದಾ?"

"ನಿಮ್ಮ ಕೋಸು. ಬೇಯಿಸಿದ್ದಷ್ಟೇ ನಾನು. ಪಾತ್ರೆ ವಾಪಸ್ ಬೇಕು. ಆದರೆ ನಮ್ಮೂರಲ್ಲಿ ಪಾತ್ರೆ ಖಾಲಿ ಕೊಡೋ ಹಾಗಿಲ್ಲ."

"ಕೊಟ್ಟರೆ?"

"ಜಗಳ ಅಂತ ಅರ್ಥ."

ಅವರು ಡಬರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮರುದಿನ ಬೆಳಿಗ್ಗೆ ಅದು ಗೋಡೆಯ ಮೇಲಿತ್ತು, ಉಜ್ಜಿ ಬೆಳಗಿಸಿ, ಒಳಗೆ ಆರು ಆಲೂಗಡ್ಡೆ. ಆಲೂಗಡ್ಡೆಯನ್ನು ಪಲ್ಯ ಮಾಡಿ ತುಂಬಿಸಿ ಕೊಟ್ಟೆ. ಲೀಕು ಬಂತು. ಹೀಗೆ ಡಬರಿ ದಿನಕ್ಕೊಂದು ಬಾರಿ ಗೋಡೆ ಹತ್ತಿ ಇಳಿಯಿತು. ಕ್ರಿಸ್‌ಮಸ್ಸಿನ ಹೊತ್ತಿಗೆ ಅಳಿಯಂದಿರು ಲೆಕ್ಕವಿಟ್ಟವರಂತೆ, "ಅತ್ತೆ, ಮಿಸ್ಟರ್ ಡೆಂಟ್ ಕಾಲರಿನ ಗುಂಡಿ ಈಗ ಸರಿಯಾಗಿ ಕೂರುತ್ತಿದೆ" ಎಂದರು. ಮೂರು ವರ್ಷ ಚರ್ಚಿನವರೆಲ್ಲ ಸೇರಿ ಮಾಡಲಾಗದ್ದನ್ನು ಮಾಡಿದ್ದು ನನ್ನ ಕೈರುಚಿ ಎಂದು ನಾನೇನೂ ಭ್ರಮಿಸಿಲ್ಲ. ಹುಳಿ ತಿನ್ನುವಾಗ ಆ ಮನುಷ್ಯ ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ದದ್ದನ್ನು ಕಿಟಕಿಯಿಂದ ನೋಡಿದ್ದೇನೆ. ಅವರು ತಿನ್ನುತ್ತಿದ್ದದ್ದು, ಪಾತ್ರೆಗೆ ಮತ್ತೆ ಏನಾದರೂ ತುಂಬಿ ಕೊಡಬಹುದು ಎಂದು.

ಹೊರಡುವ ವಾರ ನನಗೆ ಹತ್ತಿದ ಚಿಂತೆ ಅದೇ. ನಾನು ಹೋದರೆ ಗೋಡೆಯಾಚೆ ಮತ್ತೆ ಕೆಟಲು. ಕೊನೆಯ ದಿನ ಡಬರಿ ತುಂಬ ಮೆಣಸಿನ ಪೊಂಗಲು ಮಾಡಿ, ಮಿಸೆಸ್ ಡಾಸನ್‌ರನ್ನು ಹಿತ್ತಲಿಗೆ ಕರೆದು, ಅವರ ಕೈಯಿಂದಲೇ ಗೋಡೆಯಾಚೆ ಕೊಡಿಸಿದೆ.

"ನಾಳೆ ಇದು ನಿಮ್ಮ ಕೈಗೆ ಬರುತ್ತೆ" ಎಂದು ಅವರಿಗೆ ಹೇಳಿದೆ. "ನಿಯಮ ಗೊತ್ತಲ್ಲ?"

"ಗೊತ್ತು ಬಿಡ್ರಿ" ಎಂದರು ಅವರು. "ಎಲ್ಲಿಗೆ ನಿಲ್ತತಿ ಅಂತ ನಾನೇ ಕೇಳಿದ್ದೆ."

ಮಿಸ್ಟರ್ ಡೆಂಟ್ ಗೋಡೆಯ ಮೇಲಿಂದ ಕೈ ಚಾಚಿ ನನ್ನ ಕೈ ಕುಲುಕಿದರು. ಅವರ ಬೆನ್ನ ಹಿಂದೆ ಕಿಟಕಿಯ ಹಲಗೆಯ ಮೇಲೆ ಹಿಟ್ಟಿನ ಇಲಿ ಕೂತಿತ್ತು.

ಮತ್ತೆ ಶಿಕಾರಿಪುರ

ಯಜಮಾನರು ಬಸ್ ನಿಲ್ದಾಣದಲ್ಲಿ ಗಂಟುಗಳನ್ನು ಇಳಿಸಿಕೊಂಡರು. ಕಚೇರಿಯವರಲ್ಲವೇ, ಒಂದೊಂದನ್ನೂ ಮುಟ್ಟಿ ನೋಡಿದರು. ಮೊಮ್ಮಗನ ಬಣ್ಣ ಯಾರ ಹಾಗೆ ಎಂದು ಕೇಳಿದರು. ಹಡಗಿನಲ್ಲಿ ಬಿಸಿನೀರು ಸಿಕ್ಕಿತೇ ಎಂದು ಕೇಳಿದರು. ಆಮೇಲೆ, ನಾನು ಸಮುದ್ರದುದ್ದಕ್ಕೂ ಕಾಯುತ್ತಿದ್ದ ಪ್ರಶ್ನೆ ಬಂತು.

"ನಮ್ಮವ್ವನ ಡಬರಿ ಎಲ್ಲೈತಿ?"

ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತು ಹೇಳಿದೆ. ಮೇಜು, ಸಾಲು, ಬುಟ್ಟಿ, ಇಲಿ, ಗೋಡೆ, ಎಲ್ಲ. ಅವರು ನಗಬೇಕಾದಲ್ಲಿ ನಗಲಿಲ್ಲ. ತಾಯಿಯ ಪಾತ್ರೆ, ನಗು ಬರುವುದಾದರೂ ಹೇಗೆ. ಮುಗಿದ ಮೇಲೆ ಬಹಳ ಹೊತ್ತು ಕೊಡೆಯ ತುದಿಯಿಂದ ನೆಲದ ಮೇಲೆ ಗೀಚುತ್ತಿದ್ದರು.

"ಖಾಲಿ ಕೊಟ್ಟು ಬಂದ್ಯೋ, ತುಂಬಿ ಕೊಟ್ಟು ಬಂದ್ಯೋ?" ಎಂದರು.

"ತುಂಬಿ."

"ಹಂಗಾರೆ ಬರ್ತತಿ ಬಿಡು" ಎಂದು ಗಂಟು ಎತ್ತಿಕೊಂಡರು.

ಇನ್ನೂ ಬಂದಿಲ್ಲ. ಗಿರಿಜೆಯ ಕಾಗದ ಬಂದಿದೆ. ಡಬರಿ ಮಿಸ್ಟರ್ ಡೆಂಟ್ ಮನೆಯಿಂದ ಮಿಸೆಸ್ ಡಾಸನ್‌ರಿಗೆ, ಅವರಿಂದ ಮತ್ತೆ ಡೆಂಟ್‌ರಿಗೆ ಓಡಾಡುತ್ತಿದ್ದದ್ದು, ಕಾಲು ಮುರಿದ ಮುದುಕಿಯ ಮನೆಗೆ ದಾರಿ ತಪ್ಪಿ ಹೋಗಿ, ಆಕೆ ಅದರೊಳಗೆ ಉಣ್ಣೆಯ ಕಾಲುಚೀಲ ತುಂಬಿ ಪಾದ್ರಿಗಳ ಮನೆಗೆ ಕಳಿಸಿದ್ದಾಳಂತೆ. ಪಾದ್ರಿಗಳ ಹೆಂಡತಿ ಅದಕ್ಕೆ ಏನು ಹಾಕಿ ಕೊಡುವುದೆಂದು ಮೂರು ದಿನದಿಂದ ಯೋಚಿಸುತ್ತಿದ್ದಾರಂತೆ. ನಮ್ಮ ಅಡಿಗೆಮನೆಯ ಹಲಗೆಯ ಮೇಲೆ ಅದರ ಜಾಗ ಹಾಗೇ ಇದೆ. ಬೇರೆ ಪಾತ್ರೆ ಇಡಲು ಯಜಮಾನರು ಬಿಟ್ಟಿಲ್ಲ.